ನಾಮಕರಣದ ಪಟ್ಟಿ

ಮೇಯೋ ಹಾಲಿನ ಮೂರನೇ ಮಹಡಿ, ಫ್ಯಾನಿನ ಒಂದು ರೆಕ್ಕೆ ಸೊಟ್ಟ.
ನನ್ನದು ಬೆರಳಿನ ಕೆಲಸ.
ಆಡಿದ್ದನ್ನು ಆಡಿದ ಹಾಗೆ ಇಳಿಸಬೇಕು,
ನಿಟ್ಟುಸಿರು ಬಿಟ್ಟರೆ ಬರೆಯುವಂತಿಲ್ಲ,
ಅತ್ತರೆ, ಸಾಹೇಬರು ಹೇಳಿದರೆ, ಅಷ್ಟೇ:
ಸಾಕ್ಷಿ ಅತ್ತರು.

ಇವತ್ತಿನ ಆರೋಪಿಯದು ತಿಳಿನೀಲಿ ಅಂಗಿ.
ಸುಧನ್ವ, ನಲವತ್ತೊಂದು ವರ್ಷ, ಲ್ಯಾಬೊಂದರ ಡೇಟಾ ಮ್ಯಾನೇಜರು,
ಇಸ್ತ್ರಿಯ ಗೆರೆ ಮುರಿಯದಂತೆ ನಿಂತಿದ್ದಾನೆ.
ಪಕ್ಕದ ಕೋರ್ಟಿನಲ್ಲಿ ಸರ ಕಿತ್ತ ಹುಡುಗನಿಗೆ ಬೇಡಿ.
ಇವನಿಗೆ ಕುರ್ಚಿ ಕೊಡಲೇ ಎಂದು
ಪೇದೆ ಕಣ್ಣಲ್ಲೇ ಕೇಳುತ್ತಾನೆ.

ಬಾಗಿಲು ಒಡೆದವನಲ್ಲ, ಯಾರ ಮೈಮುಟ್ಟಿದವನಲ್ಲ.
ರಾತ್ರಿ ಹನ್ನೊಂದು ಮುಕ್ಕಾಲಿಗೆ
ಸಹಕಾರನಗರದ ಮನೆಯಿಂದಲೇ
ಒಂದು ಫೈಲು ಕಳಿಸಿದ.

ಸೈಬರ್ ಠಾಣೆಯ ರೈಟರ್ ಕೆಂಪಹನುಮಯ್ಯ
ಕೆಳಗೆ ಟೀ ಅಂಗಡಿಯಲ್ಲಿ ಗೊಣಗುತ್ತಿದ್ದರು:
"ಸರ ಕಿತ್ರೆ ಕತ್ತಲ್ಲಿ ಗೀರಾದ್ರೂ ಇರತ್ತೆ ಮೇಡಂ.
ಇಲ್ಲಿ ಕದ್ದದ್ದೂ ಇಟ್ಟಲ್ಲೇ ಐತೆ,
ಕಳ್ಕೊಂಡೋರಿಗೂ ಗೊತ್ತಿಲ್ಲ.
ಉಳಿದಿದ್ದು ಅವನ ಮನಸ್ಸೊಂದೇ.
ಅದನ್ನ ಮಹಜರ್ ಮಾಡೋದು ಹೆಂಗೆ?"

"ಬಸುರಿ ಹೆಂಗಸರ ಹೆಸರು, ಫೋನು, ಎಷ್ಟನೇ ವಾರ,
ಎಲ್ಲಾ ಆ ಫೈಲಲ್ಲಿತ್ತು. ಏನ್ ಹೇಳ್ತೀರಿ?"
"ನನಗೆ ಗೊತ್ತಿರಲಿಲ್ಲ ಸ್ವಾಮಿ."
ಗೊತ್ತಿರಲಿಲ್ಲ. ಟೈಪು ಹೊಡೆದೆ.
"ಫೈಲಿಗೆ 'ಪಾಪು ನಾಮಕರಣ, ಅತಿಥಿಗಳು' ಅಂತ ಹೆಸರಿಟ್ಟಿದ್ದು?"
"ನಾನೇ. ಸುಮ್ನೆ. ಉದ್ದೇಶ ಏನಿಲ್ಲ."
"ಯಾವ ಪಾಪು ರೀ ಅದು,
ಹನ್ನೊಂದು ಸಾವಿರದ ಆರುನೂರ ನಲವತ್ತು ಜನ ಅತಿಥಿಗಳು?"
ಜೂನಿಯರ್ ವಕೀಲರೊಬ್ಬರು ನಕ್ಕರು.
ನಗುವನ್ನೂ ಬರೆಯುವಂತಿಲ್ಲ.

ನಿಶಾನೆ ಪಿ ಒಂಬತ್ತು, ಸೀಲು ಹಾಕಲು ನನ್ನ ಮೇಜಿಗೆ ಬಂತು.
ತೆರೆದ ಪುಟ, ಸಾಲು ನಾಲ್ಕು ಸಾವಿರದ ಹದಿನೇಳು:
ಇಂದುಕಲಾ ಆರ್., ಶ್ರೀರಾಮಪುರ, ಹತ್ತನೇ ವಾರ.

ಹನ್ನೊಂದನೇ ವಾರ ಉಳಿಯಲಿಲ್ಲ.
ಪಟ್ಟಿಗೆ ಅದನ್ನು ಯಾರೂ ಹೇಳಲಿಲ್ಲ.
ನನ್ನೊಳಗೆ ನಿಂತದ್ದು
ಪಟ್ಟಿಯಲ್ಲಿ ಬೆಳೆಯುತ್ತ ಹೋಯಿತು.
ಐದರಲ್ಲಿ ಒಬ್ಬಳು: "ಕಂಗ್ರಾಜುಲೇಷನ್ಸ್ ಮೇಡಂ, ಈಗ ಒದೀತಿರಬೇಕಲ್ವಾ?"
ಏಳರಲ್ಲಿ ಸೀಮಂತದ ಬಳೆಗೆ ರಿಯಾಯಿತಿ.
ಒಂಬತ್ತರಲ್ಲಿ ಹೊಕ್ಕುಳಬಳ್ಳಿಯ ರಕ್ತ ಕಾದಿಡುವ ಬ್ಯಾಂಕು.
ಆಮೇಲೆ ಡೈಪರು, ರಾಗಿ ಸೆರಿ, ಮೂರು ಚಕ್ರದ ಸೈಕಲ್ಲು.
ಹೋದ ವಾರ ಪ್ಲೇಹೋಮಿನಿಂದ:
"ಮಗೂ ಹೆಸರೇನು ಮೇಡಂ?"
ಬಸ್ಸಿನಲ್ಲಿದ್ದೆ, ಮಲ್ಲೇಶ್ವರದ ಸರ್ಕಲ್ಲು,
ಒಂದು ಹೆಸರು ಹೇಳಿಯೂಬಿಟ್ಟೆ.

ಗೊತ್ತಿರಲಿಲ್ಲ.
ಪರದೆಯ ಮೇಲೆ ಗೆರೆ ಮಿಣುಕುತ್ತಿದೆ.
ಮೂರಕ್ಷರ ಅಳಿಸಿ ಒಂದಕ್ಷರ ಒತ್ತಿದರೆ
ಗೊತ್ತಿತ್ತು.
ಯಾರು ತಿರುಗಿ ಓದುತ್ತಾರೆ?
ಊಟದ ಹೊತ್ತು, ಅವನು ಪುಟ ಪುಟಕ್ಕೂ ಸಹಿ ಹಾಕಿ ಹೋಗುತ್ತಾನೆ.
ಸತ್ಯವೂ ಅದೇ ಅಲ್ಲವೇ, ಎಂದಿತು ಕಿರುಬೆರಳು.

ಹನ್ನೆರಡು ವರ್ಷದಲ್ಲಿ ಉದ್ದೇಶ ಎಂಬ ಪದವನ್ನು
ಸಾವಿರ ಸಲ ಹೊಡೆದಿರಬೇಕು.
ಇದೇ ಮೊದಲು ಅದರ ಬಿಸಿ ತಾಕಿದ್ದು.
ಗೀರಿಲ್ಲ, ಸದ್ದಿಲ್ಲ,
ಎದುರಿಗೆ ಕೂತ ಸಾಹೇಬರಿಗೆ ಕಾಣುವಂಥದ್ದಲ್ಲ.
ಅವನಿಗೂ ಆ ರಾತ್ರಿ ಹೀಗೇ ಇತ್ತೋ ಏನೋ,
ಒಂದು ಹೆಸರು ಬದಲಿಸುವ ಮುಂಚಿನ
ಅರೆಕ್ಷಣ.

"ಆಯ್ತೇನ್ರೀ ಇಂದುಕಲಾ? ಓದಿ ಹೇಳಿ."

ಓದಿದೆ. ನನ್ನದೇ ದನಿಯಲ್ಲಿ:
ನನಗೆ ಗೊತ್ತಿರಲಿಲ್ಲ.
"ಸರಿಯಾಗಿದೆ," ಅಂದ.
ಓದಿ ಹೇಳಲಾಗಿ ಕೇಳಿ ಸರಿ ಎಂದು ಒಪ್ಪಿರುತ್ತಾರೆ,
ಕೊನೆಯ ಸಾಲು ಸೇರಿಸಿದೆ.

ಹೇಳಬೇಕು ಸಾಹೇಬರಿಗೆ, ಆ ಸಾಲು ನಾನು ಎಂದು.
ಬೇರೆಯವರನ್ನು ಹಾಕಿಕೊಳ್ಳಿ ಎಂದು.
ಡ್ರಾಯರಿನಲ್ಲಿ ಫೋನು ಗುಂಯ್‌ಗುಟ್ಟಿತು, ಹೆಸರಿಲ್ಲದ ನಂಬರು.
ಹೊರಗೆ ಜವಾನ
ಮುಂದಿನ ಕೇಸು ಕೂಗುತ್ತಿದ್ದ.